ಆಂಬುಲೆನ್ಸ್‌ಗೆ ಬ್ಯಾಟರಿ ಸಕ್ಷನ್ ಯಂತ್ರ ಕೊಳ್ಳಬೇಕೇ, ಕೈಪಂಪ್ ಸಾಕೇ?

ಆಂಬುಲೆನ್ಸ್‌ನಲ್ಲಿ ರೋಗಿಗೆ ತುರ್ತು ಚಿಕಿತ್ಸೆ ಕೊಡುವ ಇಎಂಟಿಯಾಗಿ ಸೇರಿದ ಹೊಸದರಲ್ಲಿ ನನ್ನ ತಲೆಯಲ್ಲೂ ಇದೇ ಪ್ರಶ್ನೆಯಿತ್ತು. ಸಕ್ಷನ್ ಯಂತ್ರವೆಂದರೆ ರೋಗಿಯ ಬಾಯಿ, ಗಂಟಲಲ್ಲಿ ತುಂಬಿದ ವಾಂತಿ, ರಕ್ತವನ್ನು ಎಳೆದು ತೆಗೆಯುವ ಯಂತ್ರ; ಅದೇ ಕೆಲಸವನ್ನು ಕೈಯಿಂದ ಒತ್ತಿ ಮಾಡುವುದು ಕೈಪಂಪ್. ನಮ್ಮ ಗಾಡಿಯಲ್ಲಿದ್ದದ್ದು ಒಳ್ಳೆಯ ಬ್ಯಾಟರಿ ಯಂತ್ರವೇ. ಆದರೂ ಏನಾಯಿತು ಕೇಳಿ.

ಒಂದು ರಾತ್ರಿ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಹುಡುಗ. ತಲೆಗೆ ಪೆಟ್ಟು, ಪ್ರಜ್ಞೆಯಿಲ್ಲ. ಗಾಡಿಗೆ ಹತ್ತಿಸಿ ಬಾಗಿಲು ಹಾಕುವಷ್ಟರಲ್ಲಿ ವಾಂತಿ ಶುರುವಾಯಿತು. ಆಗಷ್ಟೇ ಉಂಡು ಹೊರಟಿದ್ದನೇನೋ, ರಾಗಿ ಮುದ್ದೆ, ಸಾರು, ಜೊತೆಗೆ ರಕ್ತ. ಉಸಿರೆಳೆದಾಗಲೆಲ್ಲ ಗಂಟಲಲ್ಲಿ ಗೊಳಗೊಳ ಸದ್ದು. ಸ್ವಿಚ್ ಒತ್ತಿದೆ, ಮೋಟಾರ್ ಗುಂಯ್‌ಗುಟ್ಟಿತು. ಯಾಂಕರ್ ತುದಿಯನ್ನು, ಅಂದರೆ ನಳಿಗೆಯ ತುದಿಗೆ ಸಿಕ್ಕಿಸುವ ಗಟ್ಟಿ ಕೊಳವೆಯನ್ನು, ಬಾಯೊಳಗೆ ಇಟ್ಟರೆ ಒಂದು ಹನಿಯೂ ಮೇಲೇರಲಿಲ್ಲ.

ಎಳೆದದ್ದೆಲ್ಲ ಬಂದು ಬೀಳುವ ಜಾರ್ ತೊಳೆದವನು ನಾನೇ. ಮುಚ್ಚಳದ ರಬ್ಬರ್ ರಿಂಗ್ ಒಂದು ಕಡೆ ಮಡಚಿಕೊಂಡಿತ್ತು. ಆ ಸಂದಿಯಿಂದ ಗಾಳಿ ಒಳಗೆ ನುಗ್ಗುತ್ತಿದ್ದರೆ ಜಾರಿನಲ್ಲಿ ನಿರ್ವಾತ ಉಂಟಾಗುವುದಿಲ್ಲ. ನಿರ್ವಾತವಿಲ್ಲದಿದ್ದರೆ ನಳಿಗೆಯಲ್ಲಿ ಎಳೆತವಿಲ್ಲ. ಮೋಟಾರ್ ಮಾತ್ರ ಎಂದಿನಂತೆ ತಿರುಗುತ್ತಲೇ ಇರುತ್ತದೆ. ಪಾಳಿ ವಹಿಸಿಕೊಳ್ಳುವಾಗ ನಾನು ಆ ಸದ್ದನ್ನಷ್ಟೇ ಕೇಳಿ, ಪುಸ್ತಕದಲ್ಲಿ ‘ಸರಿಯಿದೆ’ ಎಂದು ಗುರುತು ಹಾಕಿದ್ದೆ. ನಳಿಗೆಯ ಬಾಯಿಗೆ ಹೆಬ್ಬೆರಳು ಒತ್ತಿ, ಎಳೆತ ತೋರಿಸುವ ಮೀಟರ್ ನೋಡಿದ್ದರೆ ಮುಳ್ಳು ಏಳದೆ ಅಲ್ಲೇ ನಿಂತಿರುವುದು ಕಾಣುತ್ತಿತ್ತು. ನಾಲ್ಕು ಸೆಕೆಂಡಿನ ಕೆಲಸ. ಅದನ್ನು ನಾನು ಮಾಡಿರಲಿಲ್ಲ.

ಪೈಲಟ್ ಅಣ್ಣ (ಆಂಬುಲೆನ್ಸ್ ಚಾಲಕರು) ಗಾಡಿ ನಿಲ್ಲಿಸಿ ಹಿಂದಕ್ಕೆ ಓಡಿ ಬಂದರು. ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ಹಿಡಿದು ಹುಡುಗನನ್ನು ಮಗ್ಗುಲಿಗೆ ಹೊರಳಿಸಿದೆವು. ಅರ್ಧಕ್ಕರ್ಧ ತಾನಾಗಿಯೇ ಹೊರಗೆ ಸುರಿಯಿತು. ಅಷ್ಟರಲ್ಲಿ ಉಳಿದದ್ದು ಶ್ವಾಸಕೋಶಕ್ಕೆ ಇಳಿದಾಗಿತ್ತು. 11 ದಿನ ವೆಂಟಿಲೇಟರ್‌ನಲ್ಲಿದ್ದು ಬದುಕಿದ. ಆ 11 ದಿನವೂ ನಾನು ವಾರ್ಡಿನ ಬಾಗಿಲಿಗೆ ಹೋಗಿ ವಿಚಾರಿಸಿ ಬರುತ್ತಿದ್ದೆ.

ಆದ್ದರಿಂದ ಬ್ಯಾಟರಿಯೋ ಕೈಪಂಪೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಬೇಕು, ಒಂದು ಕೈಕೊಟ್ಟರೆ ಇನ್ನೊಂದು. ದುಬಾರಿ ಯಂತ್ರವೊಂದಕ್ಕೆ ಎಲ್ಲ ಹಣ ಸುರಿಯುವ ಬದಲು, ಮೀಟರ್ ಇರುವ ಸಾಧಾರಣ ಬ್ಯಾಟರಿ ಯಂತ್ರ ತೆಗೆದುಕೊಂಡು, ಉಳಿದ ಹಣದಲ್ಲಿ ಕೈಪಂಪ್ ಕೊಂಡು ರೋಗಿಯ ತಲೆಯ ಬಳಿಯೇ ಇಡಿ. ನಳಿಗೆ ಮುಚ್ಚಿದ ನಾಲ್ಕು ಸೆಕೆಂಡಿನೊಳಗೆ ಮುಳ್ಳು 300 ಎಂಎಂ ಎಚ್‌ಜಿ (ಪಾದರಸದ ಮಿಲಿಮೀಟರ್, ಎಳೆತದ ಅಳತೆ) ದಾಟದ ಯಂತ್ರವನ್ನು ಯಾರು ಹೊಗಳಿದರೂ ಕೊಳ್ಳಬೇಡಿ. ಶಿಶುಗಳಿಗೆ ಮಾತ್ರ ಅಷ್ಟು ಎಳೆತ ಕೊಡಬಾರದು, 100ಕ್ಕಿಂತ ಕೆಳಗೆ ಇಳಿಸಬೇಕು.

ಯಾಂಕರ್‌ನ ತೂತು ಚಿಕ್ಕದು, ಮುದ್ದೆ ಸಿಕ್ಕಿಕೊಂಡರೆ ಕಟ್ಟಿಹೋಗುತ್ತದೆ. ಆಗ ಅದನ್ನು ಕಿತ್ತು, ದಪ್ಪ ನಳಿಗೆಯನ್ನೇ ಬಾಯಿಗೆ ಇಡಿ. ಕಣ್ಣಿಗೆ ಕಾಣುವಷ್ಟು ಆಳಕ್ಕೆ ಮಾತ್ರ, ಒಂದು ಸಲಕ್ಕೆ 10–15 ಸೆಕೆಂಡ್, ನಡುವೆ ಆಮ್ಲಜನಕ. ಮತ್ತೆ ವಾಂತಿ ಉಕ್ಕಿದರೆ ಸೆಕೆಂಡ್ ಎಣಿಸುತ್ತಾ ಕೂರದೆ ಮಗ್ಗುಲಿಗೆ ಹೊರಳಿಸಿ.

ಜಾರ್ ತೊಳೆದವರೇ ಮುಚ್ಚಳ ಹಾಕಿ, ಒಂದು ಚೊಂಬು ನೀರು ಎಳೆದು ನೋಡಲಿ. ಅದನ್ನು ಮುಂದಿನ ಪಾಳಿಯವರಿಗೆ ಬಿಡಬೇಡಿ.