ನಿಮ್ಮ ಸ್ಪೂನರ್‌ಗೆ ವಯಸ್ಸಾಗುವುದಿಲ್ಲ

ಆತ್ಮೀಯರೇ,

ನೀವು ಕಳಿಸಿದ ‘ತೆರಿಗೆಯಿಲ್ಲದ ನಾಡು’ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಪಟ್ಟ ಶ್ರಮ ಕಾಣುತ್ತದೆ. ಒಪ್ಪಿಗೆಯಿಲ್ಲದೆ ಯಾರಿಂದಲೂ ಏನನ್ನೂ, ತೆರಿಗೆಯನ್ನು ಕೂಡ, ಕಿತ್ತುಕೊಳ್ಳಬಾರದೆನ್ನುವ ವಾಲಂಟರಿಯಿಸಂ ಬಗ್ಗೆ ಕನ್ನಡದಲ್ಲಿ ಬರೆಯಹೊರಟದ್ದೇ ಸಂತೋಷ. ಇನ್ನು ಜಗಳಕ್ಕೆ ಬರುತ್ತೇನೆ.

ಎರಡನೆಯ ಪುಟದಲ್ಲಿ ಹೀಗಿದೆ: ‘ಹರ್ಬರ್ಟ್, ಸ್ಪೂನರ್ ಮೊದಲಾದ ಚಿಂತಕರು ಸರ್ಕಾರವೇ ಬೇಡವೆಂದರು.’ ಆ ‘ಮೊದಲಾದ’ ನನ್ನ ಪಿತ್ತ ಕೆರಳಿಸಿತು. ಇಂಗ್ಲೆಂಡಿನ ಆಬರಾನ್ ಹರ್ಬರ್ಟ್ ಸಂಸತ್ತಿನಲ್ಲಿ ಕೂತು ಬಂದವರು. ಜೀವ, ಆಸ್ತಿ ಕಾಯುವುದಕ್ಕೆ ಸರ್ಕಾರ ಇರಲಿ, ಅದರ ಖರ್ಚಿಗೆ ಜನ ತಾವಾಗಿ ಕೊಟ್ಟಷ್ಟೇ ಇರಲಿ ಎಂಬುದು ಅವರ ವಾದ. ಅರಾಜಕತಾವಾದಿ ಎಂಬ ಹಣೆಪಟ್ಟಿಯನ್ನು ಅವರು ಒಪ್ಪಲಿಲ್ಲ. ಅಮೆರಿಕದ ಲೈಸಾಂಡರ್ ಸ್ಪೂನರ್ ಹಿಡಿದ ದಾರಿ ಬೇರೆ: ಕೊನೆಗೆ ಅವರು ಸರ್ಕಾರದ ಅಧಿಕಾರವನ್ನೇ ಒಪ್ಪಲಿಲ್ಲ. ಇಬ್ಬರನ್ನೂ ಒಂದೇ ‘ಎಂದರು’ಗೆ ಕಟ್ಟಿದಿರಿ, ಸರ್ಕಾರದ ಕೆಲಸವೇನು ಎಂದು ನೀವೇ ಎತ್ತಿದ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮುಂದಿನ ಸಾಲು: ‘ಸ್ಪೂನರ್ ಖಾಸಗಿ ಅಂಚೆ ಸ್ಥಾಪಿಸಿ ಸರ್ಕಾರಕ್ಕೆ ಪಾಠ ಕಲಿಸಿದರು.’ ಇಷ್ಟೇ! ಮರುಕ್ಷಣ, ಸರ್ಕಾರ ಬರೆಯುವ ಕಾನೂನಿಗಿಂತ ಮೇಲಿನದೆನ್ನುವ ನೈಸರ್ಗಿಕ ಕಾನೂನಿನ ಆಕಾಶಕ್ಕೆ ಹಾರಿಬಿಟ್ಟಿರಿ.

1844ರಲ್ಲಿ, 150 ಮೈಲಿ ದಾಟಿ 400ರೊಳಗೆ ಹೋಗುವ ಒಂದು ಹಾಳೆಯ ಪತ್ರಕ್ಕೆ ಅಲ್ಲಿನ ಸರ್ಕಾರ 18¾ ಸೆಂಟ್ ವಸೂಲು ಮಾಡುತ್ತಿತ್ತು. ಎರಡು ಹಾಳೆಯಾದರೆ ಎರಡು ಪಟ್ಟು. ಸ್ಪೂನರ್ ಹದ್ದಿನ ಚಿತ್ರದ ಅಂಚೆಚೀಟಿ ಅಚ್ಚುಹಾಕಿಸಿ, ಡಾಲರಿಗೆ ಇಪ್ಪತ್ತರಂತೆ ಮಾರಿ, ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್ ನಡುವೆ ಪತ್ರ ಸಾಗಿಸಿದರು. ಸರ್ಕಾರ ದೇಶಕ್ಕೆಲ್ಲ ಸಲ್ಲುವ ಅಂಚೆಚೀಟಿ ತಂದದ್ದೇ 1847ರಲ್ಲಿ! 1845ರ ಕಾನೂನು 300 ಮೈಲಿಯವರೆಗಿನ ದರವನ್ನು 5 ಸೆಂಟಿಗೆ ಇಳಿಸಿತು. ಅದೇ ಕಾನೂನು ಖಾಸಗಿ ಅಂಚೆಯ ಕೊರಳನ್ನೂ ಬಿಗಿಯಿತು. ಜನರ ಪತ್ರ ಅಗ್ಗವಾಯಿತು, ಸ್ಪೂನರ್ ಬಾಗಿಲು ಹಾಕಿದರು. ಈಗ ಹೇಳಿ, ಪಾಠ ಕಲಿಸಿದ್ದು ಯಾರು, ಯಾರಿಗೆ?

ಆಗ ಅವರು ಕೈಯಲ್ಲಿ ಹಿಡಿದದ್ದು ಸಂವಿಧಾನವನ್ನೇ: ಅಂಚೆ ಕಚೇರಿ ತೆರೆಯಲು ಅದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಅಧಿಕಾರ ಕೊಟ್ಟಿದೆ, ಉಳಿದವರನ್ನು ತಡೆಯಲು ಕೊಟ್ಟಿಲ್ಲ ಎಂದು. 1870ರಲ್ಲಿ ಬರೆದದ್ದು, ಆ ಸಂವಿಧಾನಕ್ಕೆ ನಾವ್ಯಾರೂ ಸಹಿ ಹಾಕಿಲ್ಲ, ಅದು ಯಾರನ್ನೂ ಬಂಧಿಸದು ಎಂದು. ನಡುವೆ ಒಂದು ಅಂತರ್ಯುದ್ಧವೇ ನಡೆದುಹೋಗಿತ್ತು. ನಿಮ್ಮ ಲೇಖನದ ಸ್ಪೂನರ್‌ಗೆ ಮಾತ್ರ ವಯಸ್ಸೇ ಆಗುವುದಿಲ್ಲ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲಕ್ಕೆ ಸಂತೆ ಸುಂಕದ ಮೇಲೆ ಆವೇಶದ ಬರಹವೊಂದನ್ನು ಕೊಟ್ಟಿದ್ದೆ. ಹಿರಿಯ ಉಪಸಂಪಾದಕರು ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು: ‘ಕುರಿಗೆ ಎಷ್ಟು? ಸೊಪ್ಪಿನ ಗಂಟಿಗೆ ಎಷ್ಟು? ರಸೀದಿ ಕೊಡುತ್ತಾರೆಯೇ?’ ಬೈದಿದ್ದರೆ ಮರೆಯುತ್ತಿದ್ದೆ. ಸಂತೆಗೆ ಹೋಗಿ ಸುಂಕದವನ ಪಕ್ಕ ನಿಂತೆ. ಸೊಪ್ಪಿನ ಹೆಂಗಸು ಸೆರಗಿನ ಗಂಟು ಬಿಚ್ಚಿ ಚಿಲ್ಲರೆಯನ್ನು ಎರಡೆರಡು ಸಲ ಎಣಿಸುತ್ತಿದ್ದಳು. ಅವನು ರಸೀದಿಯನ್ನು ಗಂಟಿನ ಮೇಲೆಸೆದು ಮುಂದಕ್ಕೆ ಹೋಗುತ್ತಿದ್ದ. ಇಷ್ಟನ್ನು ಬರೆದ ಮೇಲೆ ‘ದಬ್ಬಾಳಿಕೆ’ ಎಂಬ ಮಾತು ಬೇಕೆನಿಸಲಿಲ್ಲ. ನಿಮ್ಮಲ್ಲಿ ‘ಬಲಪ್ರಯೋಗ’ ಇಲ್ಲದ ಪ್ಯಾರಾ ಹುಡುಕಿದರೂ ಸಿಗಲಿಲ್ಲ.

ಲೇಖನವನ್ನು ಹಿಂದಿರುಗಿಸಿದ್ದೇನೆ. ಅಂಚೆಯ ಪ್ರಸಂಗವೊಂದನ್ನೇ ಇಟ್ಟುಕೊಂಡು, ಸ್ಪೂನರ್ ಸೋತದ್ದನ್ನೂ ಮುಚ್ಚಿಡದೆ, ಸಾವಿರ ಪದಗಳಲ್ಲಿ ಮತ್ತೆ ಬರೆಯಿರಿ. ಹರ್ಬರ್ಟ್ ಅವರಿಗೆ ಬೇರೆಯೇ ಲೇಖನ ಬೇಕು. ಅದನ್ನು ಆಮೇಲೆ ನೋಡೋಣ.