ಟಿಕೆಟ್ ಕೊಡುವುದು ಮತದಾರರೇ

ಪ್ರಶ್ನೆ: 2025ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಸಿಟಿ ಕೌನ್ಸಿಲ್ ಚುನಾವಣೆ ಅಂತ ದಿನಾ ಟಪಾಲು ಡಬ್ಬಿ ತುಂಬ ಕರಪತ್ರ. ಮಗಳು ಸಿಟಿಜನ್. ಆದರೂ 'ಯಾವ ಪಾರ್ಟಿಯಲ್ಲೂ ನನ್ನ ಹೆಸರಿಲ್ಲ, ಓಟಿಲ್ಲ' ಅಂತ ಮನೆಯಲ್ಲೇ ಕೂತಳು. ಅಳಿಯನಿಗೆ ಗ್ರೀನ್ ಕಾರ್ಡ್, ಅವನಿಗೂ ಇಲ್ಲ. ಪಕ್ಕದ ಮನೆಯವರು ಮಾತ್ರ ಐದು ಓಟು ಹಾಕಿ ಬಂದರಂತೆ! ಇದೇನು ವ್ಯವಸ್ಥೆ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಮಗಳು ಹೇಳಿದ್ದು ಸರಿ, ಅಮ್ಮ. ಮತದಾರರ ಪಟ್ಟಿಗೆ ಸೇರುವ ಫಾರಂನಲ್ಲಿ ಪಾರ್ಟಿ ಯಾವುದು ಅಂತ ಒಂದು ಕಡೆ ಕೇಳಿರುತ್ತಾರೆ. 'ನಮಗ್ಯಾಕೆ ಪಾರ್ಟಿ ಗೀರ್ಟಿ' ಅಂತ ನಮ್ಮವರು ಅದನ್ನು ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟವರಿಗೆ ಜೂನ್‌ನ ಪ್ರೈಮರಿಯಲ್ಲಿ, ಅಂದರೆ ಪಾರ್ಟಿ ತನ್ನ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಓಟಿಲ್ಲ.

ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ಹಾಕಬಹುದು, ನಿಜ. ಆದರೆ ಅಷ್ಟೊತ್ತಿಗೆ ಊಟ ಮುಗಿದು ಎಲೆ ಎತ್ತಿರುತ್ತಾರೆ. ಕೌನ್ಸಿಲ್‌ನ 51 ಸ್ಥಾನಗಳಲ್ಲಿ ಬಹುಪಾಲು ಡೆಮಾಕ್ರಟರ ಭದ್ರಕೋಟೆ. ಅಲ್ಲಿ ಜೂನ್‌ನಲ್ಲಿ ಟಿಕೆಟ್ ಗೆದ್ದವರೇ ನವೆಂಬರ್‌ನಲ್ಲೂ ಗೆಲ್ಲುತ್ತಾರೆ. ನಮ್ಮೂರಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಇಲ್ಲಿ ಪಾರ್ಟಿಗೆ ಹೆಸರು ಕೊಟ್ಟ ಸಾಮಾನ್ಯ ಮತದಾರರು. ಹೆಸರು ಕೊಡುವುದೆಂದರೆ ಚಂದಾ ಇಲ್ಲ, ಮೀಟಿಂಗ್ ಇಲ್ಲ, ಫಾರಂನಲ್ಲಿ ಒಂದು ಗುರುತು ಅಷ್ಟೇ. ಪಟ್ಟಿಯಲ್ಲಿ ಈಗಾಗಲೇ ಇರುವವರು ಆ ವರ್ಷದ ಫೆಬ್ರವರಿ 14ರ ಒಳಗೆ ಬದಲಾಯಿಸಿಕೊಳ್ಳಬೇಕು. ಮಗಳಿಗೆ ಇದೊಂದು ಹೇಳಿ. ಪಾರ್ಟಿ ಬೇಡ ಅನ್ನುವವರನ್ನು ಹೀಗೆ ಹೊರಗಿಡುವುದು ನನಗೇನೂ ಇಷ್ಟವಿಲ್ಲ. ಆದರೆ ನಿಯಮ ಹಾಗಿದೆ.

ಇನ್ನು ಐದು ಓಟು. ಅದು ಐದಲ್ಲ, ಒಂದೇ ಓಟು! ಚೀಟಿಯಲ್ಲಿ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಪ್ರತಿ ಹೆಸರಿನ ಮುಂದೆ 1ರಿಂದ 5ರವರೆಗೆ ಸಣ್ಣ ಗುಂಡಿಗಳು. ನಿಮಗೆ ಎಲ್ಲರಿಗಿಂತ ಇಷ್ಟವಾದವರಿಗೆ 1, ಅವರಾಗದಿದ್ದರೆ ಯಾರು ಅನ್ನುವುದಕ್ಕೆ 2, ಹೀಗೆ ಪೆನ್ನಿನಿಂದ ತುಂಬಬೇಕು. ಯಾರಿಗಾದರೂ ಮೊದಲ ಆಯ್ಕೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಬಂದರೆ ಆಟ ಮುಗಿಯಿತು. ಇಲ್ಲದಿದ್ದರೆ ಕೊನೆಯಲ್ಲಿರುವವರನ್ನು ತೆಗೆದು, ಅವರ ಚೀಟಿಗಳನ್ನು ಅದರಲ್ಲಿರುವ ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಇಬ್ಬರು ಉಳಿಯುವವರೆಗೂ ಇದೇ ಕೆಲಸ. ಕೆಲವರು ಜಾಣತನ ಅಂದುಕೊಂಡು ಒಬ್ಬರಿಗೇ ಐದೂ ಗುಂಡಿ ತುಂಬುತ್ತಾರೆ. ಪ್ರಯೋಜನವಿಲ್ಲ, ಅದು ಒಂದೇ ಸಲ ಲೆಕ್ಕ. ಐದೂ ತುಂಬಲೇಬೇಕು ಅಂತಲೂ ಇಲ್ಲ.

ಜನರೇ 2019ರಲ್ಲಿ ಓಟು ಹಾಕಿ ಒಪ್ಪಿಕೊಂಡ ಪದ್ಧತಿ ಇದು. ಪ್ರೈಮರಿಗೆ ಮತ್ತು ಉಪಚುನಾವಣೆಗೆ ಮಾತ್ರ, ನವೆಂಬರ್‌ಗಿಲ್ಲ. 'ಗೆಲ್ಲದವರಿಗೆ ಹಾಕಿ ಓಟು ಯಾಕೆ ಹಾಳು ಮಾಡಲಿ' ಅನ್ನುವ ಚಿಂತೆ ಇದರಲ್ಲಿಲ್ಲ, ಅದಕ್ಕೇ ನನಗೆ ಇಷ್ಟ. ಈ ಪದ್ಧತಿಯಲ್ಲಿ ದೊಡ್ಡದಾಗಿ ನಡೆದ ಮೊದಲ ಪ್ರೈಮರಿ 2021ರ ಜೂನ್‌ನದು. ಆ ವರ್ಷ ಆಯ್ಕೆಯಾದ ಕೌನ್ಸಿಲ್‌ನಲ್ಲಿ 31 ಹೆಂಗಸರು, ಅಂದರೆ ಅರ್ಧಕ್ಕಿಂತ ಜಾಸ್ತಿ. ಈ ಊರಲ್ಲಿ ಅದೇ ಮೊದಲು. ನಿಮ್ಮ ಮಗಳ ಜಾಕ್ಸನ್ ಹೈಟ್ಸ್‌ನಿಂದ ಶೇಖರ್ ಕೃಷ್ಣನ್ ಗೆದ್ದದ್ದೂ ಆಗಲೇ. ಭಾರತೀಯ ಮೂಲದವರು ಈ ಕೌನ್ಸಿಲ್‌ಗೆ ಹೋದದ್ದೂ ಅದೇ ಮೊದಲು.

ಈ ಕೌನ್ಸಿಲ್ ಸದಸ್ಯರು ನಮ್ಮ ಕಾರ್ಪೊರೇಟರ್‌ಗಳ ಹಾಗೇ, ಆದರೆ ಒಬ್ಬೊಬ್ಬರ ವಾರ್ಡೂ ಭಾರಿ ದೊಡ್ಡದು. ಬಿಬಿಎಂಪಿಗೆ 198 ವಾರ್ಡ್ ಇದ್ದವು. 2020ರ ಜನಗಣತಿಯಲ್ಲಿ 88 ಲಕ್ಷ ಜನರಿದ್ದ ನ್ಯೂಯಾರ್ಕ್‌ಗೆ 51 ಮಾತ್ರ. (ಬೆಂಗಳೂರಿನ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಕಥೆ ಬಸವನಗುಡಿಯವರಿಗೆ ನಾನೇನು ಹೇಳಲಿ!) 10,000 ಕೋಟಿ ಡಾಲರ್‌ಗೂ ಮೀರಿದ ಬಜೆಟ್‌ನಿಂದ ಹಿಡಿದು ರಸ್ತೆಗೆ ಹೆಸರಿಡುವವರೆಗೆ ಎಲ್ಲ ಇವರ ಮುಂದೆ ಬರುತ್ತದೆ. ಫ್ಲಷಿಂಗ್‌ನ ಗಣೇಶನ ಗುಡಿಗೆ ಹೋಗಿದ್ದರೆ ಬೌನ್ ಸ್ಟ್ರೀಟ್‌ನಲ್ಲಿ 'ಗಣೇಶ್ ಟೆಂಪಲ್ ಸ್ಟ್ರೀಟ್' ಅನ್ನುವ ಬೋರ್ಡ್ ನೋಡಿರುತ್ತೀರಿ. ಅದು ಬಂದದ್ದು 2022ರಲ್ಲಿ.

ಅಳಿಯಂದಿರ ವಿಷಯ. ಗ್ರೀನ್ ಕಾರ್ಡ್ ಇರುವವರೂ ಊರಿನ ಚುನಾವಣೆಯಲ್ಲಿ ಓಟು ಹಾಕಲಿ ಅಂತ ಕೌನ್ಸಿಲ್ 2021ರಲ್ಲಿ ಕಾನೂನು ಮಾಡಿತ್ತು. 2025ರ ಮಾರ್ಚ್‌ನಲ್ಲಿ ರಾಜ್ಯದ ಅತಿ ದೊಡ್ಡ ಕೋರ್ಟು ಅದನ್ನು ತಳ್ಳಿಹಾಕಿತು. ಯಾರೋ ಪುಸಲಾಯಿಸಿದರು ಅಂತ ಸುಮ್ನೆ ಫಾರಂ ತುಂಬಿಬಿಡಬೇಡಿ ಅಂತ ಅವರಿಗೆ ಗಟ್ಟಿಯಾಗಿ ಹೇಳಿ. ಸಿಟಿಜನ್ ಅಂತ ಸುಳ್ಳು ಬರೆದರೆ ಗ್ರೀನ್ ಕಾರ್ಡಿಗೇ ಕುತ್ತು. ಅವರು ಧಾರಾಳವಾಗಿ ಮಾಡಬಹುದಾದ್ದು ಒಂದಿದೆ. ಕೆಲವು ವಾರ್ಡುಗಳಲ್ಲಿ ಸದಸ್ಯರು ತಮ್ಮ ನಿಧಿಯಲ್ಲಿ ಹತ್ತು ಲಕ್ಷ ಡಾಲರ್‌ನಷ್ಟು ತೆಗೆದಿಟ್ಟು, ಯಾವ ಸ್ಕೂಲಿಗೆ, ಯಾವ ಪಾರ್ಕಿಗೆ ಅಂತ ಅಲ್ಲಿನವರಿಂದಲೇ ಓಟು ಹಾಕಿಸುತ್ತಾರೆ. ಅದಕ್ಕೆ ಸಿಟಿಜನ್ ಆಗಿರಬೇಕಿಲ್ಲ. 11 ವರ್ಷ ತುಂಬಿದ ಮಕ್ಕಳೂ ಹಾಕಬಹುದು.

ಪ್ರಶ್ನೆ: ಆ ಕೌನ್ಸಿಲ್‌ಗೆ ನಿಲ್ಲಲು ಠೇವಣಿ ಎಷ್ಟು? ದುಡ್ಡಿಲ್ಲದವರು ನಿಲ್ಲಬಹುದಾ?
– ಇನ್ನೊಬ್ಬರು, ಶಿವಮೊಗ್ಗ

ಉತ್ತರ: ಠೇವಣಿ ಇಲ್ಲ, ಸಹಿ ಬೇಕು. ಪ್ರೈಮರಿಗೆ ನಿಲ್ಲುವವರು ವಾರ್ಡಿನಲ್ಲಿರುವ ತಮ್ಮ ಪಾರ್ಟಿಯ 450 ಮತದಾರರ ಸಹಿ ತರಬೇಕು. ಪರಿಚಯದವರೊಬ್ಬರಿಗಾಗಿ ನಾನೂ ಮಾರ್ಚ್ ಚಳಿಯಲ್ಲಿ ಸಬ್‌ವೇ ಮೆಟ್ಟಿಲ ಹತ್ತಿರ ರಟ್ಟಿನ ಹಲಗೆ ಹಿಡಿದು ನಿಂತಿದ್ದೇನೆ. ಬೆರಳು ಸೆಟೆದುಕೊಂಡಿರುತ್ತದೆ, ಪೆನ್ನು ಬರೆಯುವುದಿಲ್ಲ. ನಿಂತು ಮಾತಾಡಿಸಿದವರು 'ಅಯ್ಯೋ, ಇನ್ನೊಬ್ಬರಿಗೆ ಆಗಲೇ ಸಹಿ ಹಾಕಿಬಿಟ್ಟೆ' ಅನ್ನುತ್ತಾರೆ. ಒಂದು ಸ್ಥಾನಕ್ಕೆ ಒಬ್ಬರಿಗೇ ಸಹಿ ಹಾಕಬೇಕು. ಎದುರಾಳಿಗಳು ಹಾಳೆ ಹಾಳೆ ಜಾಲಾಡಿ ತಪ್ಪು ಹುಡುಕುವುದರಿಂದ, ಜಾಣರು 450ಕ್ಕಿಂತ ಎಷ್ಟೋ ಜಾಸ್ತಿ ತರುತ್ತಾರೆ.

ದುಡ್ಡಿಗೆ ಊರೇ ಕೈ ಜೋಡಿಸುತ್ತದೆ. ವಾರ್ಡಿನ 75 ಜನರಾದರೂ ದೇಣಿಗೆ ಕೊಟ್ಟಿರಬೇಕು, ಒಟ್ಟು 5,000 ಡಾಲರ್ ಆಗಿರಬೇಕು. ಆಮೇಲೆ ಊರಿನವರು ಕೊಟ್ಟ ಒಂದು ಡಾಲರ್‌ಗೆ ಸರ್ಕಾರ ಎಂಟು ಡಾಲರ್ ಸೇರಿಸುತ್ತದೆ, ಒಬ್ಬರ ದೇಣಿಗೆಯಲ್ಲಿ ಮೊದಲ 175 ಡಾಲರ್‌ವರೆಗೆ. ಪಕ್ಕದ ಮನೆಯಾಕೆ 10 ಡಾಲರ್ ಕೊಟ್ಟರೆ ಅಭ್ಯರ್ಥಿಯ ಕೈಗೆ 90 ಬರುತ್ತದೆ.