ಆ 320 ರೂಪಾಯಿ ಯಾಕೆ ಕಳಿಸಿದಿರಿ?

ಓದುಗಿಯೊಬ್ಬರು ಈ ಅಂಕಣಕ್ಕೆ ಬರೆದ ಪತ್ರ ಓದಿ ಮುಗಿಸಿ, ಎದ್ದು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಅಷ್ಟು ಸಿಟ್ಟು ಬಂದಿತ್ತು. ಅರ್ಧ ಬರೆದವರ ಮೇಲೆ, ಉಳಿದರ್ಧ ಅವರ ರೂಮ್‌ಮೇಟ್ ಮೇಲೆ.

ಸಂಗತಿ ಇಷ್ಟು. ಇವರಿಗೆ 28, ಬೆಂಗಳೂರಿನಲ್ಲಿ ಕೆಲಸ. ಕಾಲೇಜಿನಿಂದ ಜೊತೆಗಿರುವ ಒಬ್ಬ ಗೆಳೆಯ, ಒಂಬತ್ತು ವರ್ಷದ ಸ್ನೇಹ. ದಸರಾ ರಜೆಗೆ ಐದು ಜನ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಗೋಕರ್ಣಕ್ಕೆ ಹೋದರು. ಎರಡನೇ ದಿನ ಉಳಿದ ಮೂವರು ರೂಮಿನಲ್ಲಿ ಮಲಗಿದ್ದರು. ಇವರಿಬ್ಬರೇ ಓಂ ಬೀಚ್ ದಾಟಿ ಹಾಫ್ ಮೂನ್‌ವರೆಗೆ ನಡೆದರು. ಅಲ್ಲಿಗೆ ರಸ್ತೆ ಇಲ್ಲ. ಗುಡ್ಡ ಹತ್ತಿ ಇಳಿಯಬೇಕು, ಇಲ್ಲವೇ ದೋಣಿ. ವಾಪಸ್ ಬರುವಾಗ ಕತ್ತಲಾಯಿತು. ಕಲ್ಲು ಜಾರುತ್ತದೆ ಅಂತ ಅವನು ಕೈ ಹಿಡಿದ. ಕಲ್ಲು ಮುಗಿದ ಮೇಲೂ ಬಿಡಲಿಲ್ಲ. ಕುಡ್ಲೆ ಬೀಚಿನ ಮರಳಿನ ಮೇಲೆ ಯಾರು ಜಾರುತ್ತಾರೆ, ಹೇಳಿ? ಅಲ್ಲೇ ಒಂದು ಶ್ಯಾಕ್‌ನಲ್ಲಿ ಇಬ್ಬರೇ ಕೂತು ಊಟ ಮಾಡಿದರು. ಅಷ್ಟೇ. ಊರಿಗೆ ಬಂದು ಮೂರು ವಾರ ಆಯಿತು. ಅವನು ಮೊದಲಿನ ಹಾಗೇ ‘ಏನೇ, ಆಫೀಸ್ ಹೇಗಿದೆ’ ಅನ್ನುತ್ತಾನಂತೆ. ಅದು ಬರೀ ಟ್ರಿಪ್ಪಿನ ಗುಂಗಾ ಅಂತ ಇವರ ಪ್ರಶ್ನೆ.

ಪತ್ರದ ಮುಕ್ಕಾಲು ಪಾಲು ಕೈ ಹಿಡಿದದ್ದರ ವರ್ಣನೆ. ಕೊನೆಯಲ್ಲಿ, ಸುಮ್ನೆ ಹಾದುಹೋಗುವ ಒಂದು ಮಾತು: ‘ಬಂದ ಮಾರನೇ ದಿನ ಎಂದಿನಂತೆ ಖರ್ಚಿನ ಲೆಕ್ಕ ಕಳಿಸಿದ. ಕುಡ್ಲೆ ಊಟ ಸೇರಿಸಲು ಮರೆತಿದ್ದ. ರೂಮ್‌ಮೇಟ್ ನೆನಪಿಸಿದಳು, ನನ್ನ ಪಾಲಿನ 320 ರೂಪಾಯಿ ಕಳಿಸಿಬಿಟ್ಟೆ.’

ಮರೆತಿದ್ದನಾ? ಭಟ್ಕಳ ಸ್ಟೇಷನ್ನಿನಲ್ಲಿ ಕುಡಿದ ಐದು ಚಹಾ ಕೂಡ ಆ ಲೆಕ್ಕದಲ್ಲಿತ್ತು ಅಂತ ನೀವೇ ಬರೆದಿದ್ದೀರಿ. ಒಂಬತ್ತು ವರ್ಷದಲ್ಲಿ ಒಂದು ಆಟೋ ಚಾರ್ಜನ್ನೂ ಬಿಟ್ಟವನಲ್ಲವಂತೆ. ಅಂಥವನು ಎರಡು ಪ್ಲೇಟ್ ಕಾಣೆ ಫ್ರೈ ಮರೆಯುತ್ತಾನಾ? ಆ ಊಟವನ್ನು ಅವನು ಗುಂಪಿನ ಲೆಕ್ಕದಿಂದ ತೆಗೆದು ಬೇರೆ ಇಟ್ಟ. ಮಾತು ಬರದ ಹುಡುಗ, ಹೇಳಿದ್ದು ಹಾಗೆ. ನೀವು ಏನು ಉತ್ತರ ಕೊಟ್ಟಿರಿ? ಮಧ್ಯಾಹ್ನದೊಳಗೆ ಯುಪಿಐ, ಮೇಲೊಂದು ಹೆಬ್ಬೆರಳಿನ ಇಮೋಜಿ. ಅವನ ಜಾಗದಲ್ಲಿ ನಾನಿದ್ದರೂ ಆಫೀಸ್ ಹೇಗಿದೆ ಅಂತಲೇ ಕೇಳುತ್ತಿದ್ದೆ.

‘ಹುಡುಗರಿಗೆ ಸದರ ಕೊಡಬಾರದು, ಚುಕ್ತಾ ಮಾಡಿಬಿಡು’ ಅಂದಳಂತೆ ರೂಮ್‌ಮೇಟ್. ಟ್ರಿಪ್ಪಿಗೇ ಬಾರದವಳಿಗೆ ಟ್ರಿಪ್ಪಿನ ಲೆಕ್ಕ ಯಾಕೆ? ಈ ಅಂಕಣ ಓದುವವರಿಗೆ ಗೊತ್ತು, ರೂಮ್‌ಮೇಟ್‌ಗಳ ಸಲಹೆ ಬಗ್ಗೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಬಾಡಿಗೆ, ಗ್ಯಾಸು, ಹಾಲಿನ ವಿಷಯಕ್ಕೆ ಅವರ ಮಾತು ಕೇಳಿ. ಇದಕ್ಕೆ ಬೇಡ.

ರೈಲಿನಲ್ಲೂ ಫೋನಿನಲ್ಲಿ ಇಂಗ್ಲಿಷಿನ ಪುಟ್ಟ ಪ್ರೇಮಕಥೆ ಓದುತ್ತಿದ್ದಿರಂತೆ. ನಾನೂ ಓದುತ್ತೇನೆ, ಒಂದು ಭಾನುವಾರಕ್ಕೆ ಸರಿಹೋಗುತ್ತದೆ. ಹಳೇ ಗೆಳೆಯರು, ಹಿಮ ಬೀಳುವ ಕ್ರಿಸ್‌ಮಸ್ ರಜೆ, ಹೋಟೆಲಿನಲ್ಲಿ ಉಳಿದಿರುವುದು ಒಂದೇ ರೂಮು, ಅದರಲ್ಲಿ ಒಂದೇ ಮಂಚ. ಮುಗಿಯಲು ಇಪ್ಪತ್ತು ಪುಟ ಇದೆ ಅನ್ನುವಾಗ ಒಂದು ಜಗಳ. ಆಮೇಲೆ ಯಾರಾದರೊಬ್ಬರು ಏರ್‌ಪೋರ್ಟಿಗೆ ಓಡಬೇಕು. ನೀವು ಆ ಓಟಕ್ಕೆ ಕಾಯುತ್ತಿದ್ದೀರಿ, ಅಲ್ವಾ? ನಿಮ್ಮವನು ಓಡುವ ಪೈಕಿ ಅಲ್ಲ ಕಣಮ್ಮಾ. ಲೆಕ್ಕದಲ್ಲಿ ಬಿಟ್ಟ ಆ ಒಂದು ಸಾಲೇ ಅವನ ಓಟ.

ಸ್ನೇಹ ಕೆಟ್ಟರೆ ಅನ್ನುವ ಭಯವಂತೆ. ಮೂರು ವಾರದಿಂದ ಅವನ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ ಅಂತ ಬರೆದವರು ನೀವೇ. ಹಳೇ ಸ್ನೇಹ ಈಗಾಗಲೇ ಹೋಗಿದೆ.

ಮಾಡಬೇಕಾದ್ದು ಒಂದೇ. ಶನಿವಾರ ಬೆಳಿಗ್ಗೆ ಅವನನ್ನು ದರ್ಶಿನಿಗೆ ಕರೆಯಿರಿ. ಮೆಸೇಜಿನಲ್ಲಿ ಏನೂ ಬೇಡ. ಇಂಥದ್ದನ್ನು ಬೆರಳಲ್ಲಿ ಹೇಳಬಾರದು, ಬಾಯಲ್ಲಿ ಹೇಳಬೇಕು ಅಂತ ಎಷ್ಟು ಸಲ ಬರೆದಿಲ್ಲ ನಾನು! ಟೋಕನ್ ನೀವೇ ತೆಗೆದುಕೊಳ್ಳಿ. ಎರಡು ಮಸಾಲೆ ದೋಸೆ, ಎರಡು ಕಾಫಿ. ನಿಂತು ತಿನ್ನುವ ಟೇಬಲ್ ಆದರೆ ಒಳ್ಳೆಯದು, ಮುಖ ನೋಡಲೇಬೇಕಾಗುತ್ತದೆ. ‘ಆ 320 ರೂಪಾಯಿ ಕಳಿಸಬಾರದಿತ್ತು, ತಪ್ಪಾಯ್ತು’ ಅನ್ನಿ. ಅಲ್ಲಿಗೆ ನಿಲ್ಲಿಸಿ. ಅವನು ಮಾತಾಡಲಿ.

ಸಂಜೆಯೊಳಗೆ ಅವನು ದೋಸೆಯ ಅರ್ಧ ದುಡ್ಡು ಯುಪಿಐ ಮಾಡಿದರೆ, ನಾನು ಹೇಳಿದ್ದೆಲ್ಲ ತಪ್ಪು. ಆಗ ನನಗೆ ಬರೆಯಿರಿ. ರೂಮ್‌ಮೇಟ್‌ಗೆ ಹೇಳಬೇಡಿ.